ಮಡಗಿದ್ದು

ಫೈಲಿನ ಹೆಸರೇ ಅದು: ಮಡಗಿದ್ದು.
ಮಂಡ್ಯದ ಗುತ್ತಲು ರಸ್ತೆ, ಮಹಡಿ ಮೇಲಿನ ರೂಮು,
ಕೆಳಗೆ ಕಬ್ಬಿನ ಹಾಲಿನ ಗಾಣ ಗಿರ್ರೆಂದಾಗಲೆಲ್ಲ
ಮೇಜಿನ ಕಾಲು ನಡುಗುವ ಜಾಗ.
ಒಂಬತ್ತು ವರ್ಷದಿಂದ ಒಂದೊಂದೇ ಸಾಲು ತಂದು
ಇದರೊಳಗೆ ಹಾಕಿದ್ದೇನೆ.

ಏನುಂಟು ಅಂದರೆ, ಚಿಲ್ಲರೆ.
ಪೆಟ್ಟಿಗೆಯೊಂದನ್ನು ಪರದೆಯ ನಟ್ಟನಡುವೆ ಕೂರಿಸುವ ಮೂರು ಸಾಲು,
ಇದಕ್ಕಾಗಿ ಮೊದಲ ವರ್ಷ ಅತ್ತದ್ದೂ ಇದೆ.
ಫೋನು ಕಿರಿದಾದರೆ ಮೆನುವನ್ನು ಛತ್ರಿಯಂತೆ ಮಡಚುವ ಎಂಟು.
ಲಕ್ಷಕ್ಕೆ ನಮ್ಮ ಲೆಕ್ಕದ ಜಾಗದಲ್ಲಿ ಅಲ್ಪವಿರಾಮ ಇಡುವುದು,
ದೊರೆಗಳ ಲೆಕ್ಕದ ಜಾಗದಲ್ಲಲ್ಲ.
ಹತ್ತಂಕಿ ತುಂಬದ ಮೊಬೈಲ್ ನಂಬರನ್ನು ಬಾಗಿಲಲ್ಲೇ ತಡೆಯುವುದು.
ಕ ಆದಮೇಲೆ ಖ ಬರುವಂತೆ ಹೆಸರುಗಳನ್ನು ನಿಲ್ಲಿಸುವುದು.
ಮತ್ತೆ, ಎರಡು ಉದ್ಧರಣ ಚಿಹ್ನೆಯ ನಡುವೆ
ಕಾಣದ ಅಕ್ಷರವೊಂದು:
ಅಗಲವಿಲ್ಲ, ಸದ್ದಿಲ್ಲ, ನನ್ನ ಕೀಲಿಮಣೆಯಲ್ಲಿ ಅದಕ್ಕೆ ಕೀಲಿಯಿಲ್ಲ,
ಅದಿಲ್ಲದೆ ಹೋದರೆ ರಾಜ್‌ಗೋಪಾಲ ಟೆಂಟ್ ಹೌಸಿನ ಗೋ
ಜಕಾರದ ಕಾಲಡಿ ಸಿಕ್ಕಿ ನಲುಗುತ್ತದೆ.
ಖಾಲಿಯೆಂದು ಯಾರಾದರೂ ಅಳಿಸಿಯಾರೆಂದು
ಪಕ್ಕದಲ್ಲೇ ಬರೆದಿದ್ದೇನೆ: ಇಲ್ಲಿ ಒಬ್ಬರು ಕೂತಿದ್ದಾರೆ.

ಇವು ಯಾವುವೂ ನಾನು ಹುಟ್ಟಿಸಿದ್ದಲ್ಲ.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು
ಅನ್ನುತ್ತಿದ್ದರು ನಮ್ಮ ಸೋದರತ್ತೆ.
ನನಗೆ ಸಿಕ್ಕಿದ್ದೆಲ್ಲ ದೀಪ ಹಚ್ಚಿದ ಮೇಲೆಯೇ,
ರಾತ್ರಿ ಹನ್ನೊಂದಕ್ಕೆ, ಒಂದೂವರೆಗೆ.
ಮುಖ ಕಾಣದ ಯಾರೋ ಚಮಚದಷ್ಟು ನೀಡಿ
ಹೆಸರೂ ಹೇಳದೆ ಒಳಗೆ ಹೋಗಿ
ಅಗುಳಿ ಹಾಕಿಕೊಂಡರು.

ಕೆಂಪಾಜಮ್ಮ ಬಂದದ್ದು ಹೋದ ಮಾರ್ಗಶಿರದಲ್ಲಿ.
ಪಾಂಡವಪುರದಾಚೆ ಹನ್ನೊಂದು ಹೆಂಗಸರು ನಡೆಸುವ ಆಲೆಮನೆ,
ಬಣ್ಣಕ್ಕೆ ಪುಡಿ ಹಾಕದ ಅಚ್ಚುಬೆಲ್ಲ,
ಒಂದು ಪುಟ ಬೇಕು, ಆರ್ಡರ್ ಬರಬೇಕು.
ಮಾಡಿದೆ. ಸೋಗೆಯ ಹಸಿರು, ಪಾಕದ ಬಣ್ಣ,
ಚಿತ್ರಗಳು ತಡವರಿಸದೆ ಜಾರಿ ಬಂದವು.
ಆಯಮ್ಮ ಫೋನನ್ನು ಕೈಯುದ್ದ ಹಿಡಿದು ನೋಡಿ
"ಚೆಂದಾಗದೆ" ಅಂದರು. ಆಮೇಲೆ,
"ನನ್ನೆಸ್ರಿನ ಕಾಲ ಯಾರು ಕಡುದ್ರು?"

ನಿಜ.
ಕೊನೆಯ ಮಕಾರದಡಿಯ ಒತ್ತು
ಪೆಟ್ಟಿಗೆಯ ಅಂಚಿಗೆ ಸಿಕ್ಕಿ ತುಂಡಾಗಿತ್ತು.
ಕೆಂಪಾಜಮ, ಕೆಳಗೊಂದು ಕೂದಲೆಳೆಯಷ್ಟು ಕಪ್ಪು.
ವಾರವಿಡೀ ನೋಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.
ನಲವತ್ತರಾಚೆ, ರಾತ್ರಿಶಾಲೆಯ ಮಬ್ಬು ಬಲ್ಬಿನಡಿ
ಸಹಿ ಕಲಿತವರು ಅವರು.
"ಆ ಮ ಒತ್ತಿಗೇ ನಂಗೆ ಒಂದು ತಿಂಗ್ಳು ಹಿಡೀತು,
ಬುಟ್ಬುಡಕಾದದಾ?"

ನಮ್ಮ ಅಕ್ಷರಕ್ಕೆ ನೆಲಮಾಳಿಗೆಯೂ ಉಂಟೆಂದು
ಪರದೆಯ ಅಳತೆ ಹಾಕಿದವರಿಗೆ ಯಾರು ಹೇಳಬೇಕಿತ್ತು?
ಫೈಲಿನಲ್ಲಿ ಇರಲಿಲ್ಲ. ಹುಡುಕಿದೆ.
ನಡುರಾತ್ರಿ ದಾಟಿ ಸಿಕ್ಕಿತು, ಒಂದೇ ಸಾಲು:
ಸಾಲಿನ ಎತ್ತರ, ಒಂದೂ ಮುಕ್ಕಾಲು.
ಅದರ ನೆತ್ತಿಗೆ ಯಾರದೋ ಟಿಪ್ಪಣಿ:
ಒತ್ತಿಗೆ ಜಾಗ ಬಿಡಿ.
ಊರಿಲ್ಲ, ತೇದಿಯಿಲ್ಲ.
ಅವರಿಗೂ ಎದುರಾಗಿರಬೇಕು
ಒಬ್ಬರು ತಿಪ್ಪಕ್ಕ, ಒಬ್ಬರು ಚೆನ್ನಪ್ಪ.

ಅಂಟಿಸಿದೆ.
ಊಟದ ಪಂಕ್ತಿಯಲ್ಲಿ ತಡವಾಗಿ ಬಂದವರಿಗೆ
ಎಲೆ ಎಳೆದುಕೊಂಡು ಜಾಗ ಮಾಡುವ ಹಾಗೆ
ಪುಟವೆಲ್ಲ ಕೊಂಚ ಸರಿಯಿತು.
ಒತ್ತುಗಳು ಕಾಲು ಚಾಚಿ ಕೂತವು.

ಮದ್ದೂರಿನಲ್ಲಿ ಸ್ವಂತ ಅಂಗಡಿ ಇಡಲಿರುವ ಜಯಶೀಲ
ನಿನ್ನೆ ಆ ಫೈಲು ಕೇಳಿದ.
"ನಾಳೆ ನಿನ್ನ ಗಿರಾಕೀನೇ ಎಳ್ಕೊಳೋನು ನಾನು,
ಯೋಚ್ನೆ ಮಾಡು" ಅಂತಲೂ ಅಂದ.
ಸಂಜೆ ಏಳೂವರೆ, ಟ್ಯೂಬ್‌ಲೈಟು ಹತ್ತಿತ್ತು.
ಕಳಿಸಿದೆ.
ಆ ಟಿಪ್ಪಣಿ ಅಳಿಸದೆ, ಅದರಡಿ ನನ್ನದೊಂದು ಸೇರಿಸಿ:
ಮುಗಿಯಿತು ಅನ್ನುವ ಮೊದಲು
ಫೋನನ್ನು ಅವರ ಕೈಗೆ ಕೊಡಿ.

ಬಾಕಿ ಹಣದ ಬದಲು ಬಂದ ಎರಡು ಕೇಜಿ ಬೆಲ್ಲ
ಇನ್ನೂ ಮಾನಿಟರಿನ ಹಿಂದೆಯೇ ಇದೆ.
ಇರುವೆಯೊಂದು ಕೀಲಿಮಣೆಯ ಸಂದಿಯಿಂದ ಎದ್ದು
ಅಲ್ಪವಿರಾಮದ ಮೇಲೆ ನಿಂತು
ಯೋಚಿಸುತ್ತಿದೆ.